ಬೆಂಗಳೂರಿನಿಂದ ಲಂಡನ್ನಿಗೆ ಎಷ್ಟು ದೂರ, ಎಷ್ಟು ಹೊತ್ತು? ವಿಮಾನಯಾನದ ಲೆಕ್ಕವನ್ನು ನೀವೇ ಹಾಕುವ ಕ್ರಮ

ಬೆಂಗಳೂರಿನಿಂದ ಲಂಡನ್ ಎಷ್ಟು ದೂರ, ವಿಮಾನದಲ್ಲಿ ಹೋಗಲು ಎಷ್ಟು ಗಂಟೆ ಬೇಕು ಎಂಬ ಪ್ರಶ್ನೆ ಓದುಗರಿಂದ ಮತ್ತೆ ಮತ್ತೆ ಬರುತ್ತಿದೆ. ಕೇಳುವವರಲ್ಲಿ ಹೆಚ್ಚಿನವರು ಎಲ್ಲಿಯೋ ಒಂದು ಉತ್ತರವನ್ನು ಆಗಲೇ ನೋಡಿರುತ್ತಾರೆ. ಒಂದು ಕಡೆ 8,050 ಕಿಲೋಮೀಟರ್ ಎಂದಿರುತ್ತದೆ, ಇನ್ನೊಂದು ಕಡೆ 5,000 ಮೈಲಿ, ಮತ್ತೊಂದು ಕಡೆ 4,345 ಮೈಲಿ. ಅವಧಿಯ ವಿಷಯದಲ್ಲಂತೂ ಒಬ್ಬರು ಒಂಬತ್ತೂವರೆ ಗಂಟೆ ಎಂದರೆ ಇನ್ನೊಬ್ಬರು ಹನ್ನೊಂದು ಎನ್ನುತ್ತಾರೆ, ಟಿಕೆಟ್ಟಿನ ಮೇಲಿನ ವೇಳೆಗಳನ್ನು ಕಳೆದು ನೋಡಿದವರಿಗೆ ಐದೇ ಗಂಟೆ ಸಿಗುತ್ತದೆ. ಇವುಗಳಲ್ಲಿ ದೂರದ ಮೂರು ಅಂಕಿಗಳೂ ಒಂದೇ ಅಂತರವನ್ನು ಹೇಳುತ್ತಿವೆ. ಅವಧಿಯ ಅಂಕಿಗಳಲ್ಲಿ ಐದು ಗಂಟೆ ಎಂಬುದನ್ನು ಬಿಟ್ಟರೆ ಉಳಿದವೂ ಸರಿಯೇ. ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ ಒಂದು ಸ್ಥಿರ ಸಂಖ್ಯೆ, ಹಾರಾಟದ ಅವಧಿ ಹಾಗಲ್ಲ. ಅದು ದಿಕ್ಕು, ಋತು ಮತ್ತು ದಾರಿಗೆ ತಕ್ಕಂತೆ ಹಿಗ್ಗಿ ಕುಗ್ಗುವ ಒಂದು ವ್ಯಾಪ್ತಿ.

ಬೇಕಾಗುವ ಸಲಕರಣೆ ಹೆಚ್ಚಿಲ್ಲ. ಅಂತರ್ಜಾಲ ಸಂಪರ್ಕವಿರುವ ಫೋನು, ಅಥವಾ ಸೈನ್ ಮತ್ತು ಕೊಸೈನ್ ಗುಂಡಿಗಳಿರುವ ಕ್ಯಾಲ್ಕ್ಯುಲೇಟರ್ ಸಾಕು. ಮನೆಯಲ್ಲಿ ಮಕ್ಕಳ ಭೂಗೋಳವೊಂದು ಮತ್ತು ಒಂದು ಮೊಳ ದಾರ ಇದ್ದರೆ ಇನ್ನೂ ಒಳ್ಳೆಯದು.

1. ಮೊದಲು ನಿಲ್ದಾಣಗಳನ್ನು ಗೊತ್ತುಮಾಡಿಕೊಳ್ಳಿ

ವಿಮಾನ ಊರಿನಿಂದ ಊರಿಗೆ ಹಾರುವುದಿಲ್ಲ, ನಿಲ್ದಾಣದಿಂದ ನಿಲ್ದಾಣಕ್ಕೆ ಹಾರುತ್ತದೆ. ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಇರುವುದು ದೇವನಹಳ್ಳಿಯ ಬಳಿ, ಮೆಜೆಸ್ಟಿಕ್‌ನಿಂದ ಸುಮಾರು 35 ಕಿ.ಮೀ. ಆಚೆ. ಲಂಡನ್ನಿನ ಹೆಸರಿನಲ್ಲಿ ಹೀಥ್ರೂ, ಗ್ಯಾಟ್‌ವಿಕ್, ಸ್ಟ್ಯಾನ್‌ಸ್ಟೆಡ್, ಲ್ಯೂಟನ್ ಮತ್ತು ಲಂಡನ್ ಸಿಟಿ ಎಂಬ ಹಲವು ನಿಲ್ದಾಣಗಳಿವೆ. ಟಿಕೆಟ್ಟಿನ ಮೇಲೆ ಪ್ರತಿಯೊಂದು ನಿಲ್ದಾಣಕ್ಕೂ ಮೂರಕ್ಷರದ ಸಂಕೇತವಿರುತ್ತದೆ. ಬೆಂಗಳೂರಿನದು ಬಿ-ಎಲ್-ಆರ್, ಹೀಥ್ರೂವಿನದು ಎಲ್-ಎಚ್-ಆರ್. ಊರಿನ ಹೆಸರನ್ನಲ್ಲ, ಈ ಸಂಕೇತವನ್ನು ಓದಿಕೊಳ್ಳಿ.

ಇಲ್ಲಿ ಎಡವುವವರು ವಿದೇಶಕ್ಕೆ ಹೋಗುವವರು ಮಾತ್ರವಲ್ಲ. ಗೋವಾದಲ್ಲಿ ದಾಬೋಲಿಂ ಜೊತೆಗೆ 2023ರ ಜನವರಿಯಿಂದ ಮೋಪಾ ನಿಲ್ದಾಣವೂ ಕೆಲಸ ಮಾಡುತ್ತಿದೆ. ಒಂದು ದಕ್ಷಿಣ ಗೋವಾದಲ್ಲಿ, ಇನ್ನೊಂದು ರಾಜ್ಯದ ಉತ್ತರ ತುದಿಯಲ್ಲಿ. ತಪ್ಪು ನಿಲ್ದಾಣಕ್ಕೆ ಟ್ಯಾಕ್ಸಿ ಹಿಡಿದವರಿಗೆ ವಿಮಾನದ ಅವಧಿಯ ಲೆಕ್ಕದಿಂದ ಯಾವ ಉಪಯೋಗವೂ ಆಗದು.

2. ಯಾವ ದೂರ, ಯಾವ ಮೈಲಿ ಎಂದು ಕೇಳಿಕೊಳ್ಳಿ

ಬೆಂಗಳೂರು ಮತ್ತು ದೆಹಲಿಯ ನಡುವೆ ರೈಲಿನ ದಾರಿ ಸುಮಾರು 2,400 ಕಿ.ಮೀ., ರಸ್ತೆಯ ದಾರಿ 2,100 ಕಿ.ಮೀ. ಮೀರುತ್ತದೆ, ಆಕಾಶದ ನೇರ ಅಂತರ ಮಾತ್ರ 1,700 ಕಿ.ಮೀ. ಆಸುಪಾಸು. ವಿಮಾನದ ಲೆಕ್ಕಕ್ಕೆ ಬೇಕಾದುದು ಈ ಮೂರನೆಯದು. ಇದನ್ನು ಮಹಾವೃತ್ತ ಅಂತರ ಎನ್ನುತ್ತಾರೆ. ಭೂಮಿಯ ಕೇಂದ್ರದ ಮೂಲಕ ಹಾಯುವಂತೆ ಗೋಳವನ್ನು ಸರಿಯಾಗಿ ಎರಡು ಹೋಳು ಮಾಡಿದರೆ ಮೇಲ್ಮೈಯಲ್ಲಿ ಮೂಡುವ ವೃತ್ತವೇ ಮಹಾವೃತ್ತ. ಎರಡು ಊರುಗಳ ನಡುವಿನ ಅತಿ ಹತ್ತಿರದ ದಾರಿ ಯಾವಾಗಲೂ ಇಂಥದೊಂದು ವೃತ್ತದ ತುಣುಕಾಗಿರುತ್ತದೆ.

ಮೈಲಿಯ ಗೊಂದಲವನ್ನೂ ಇಲ್ಲಿಯೇ ಬಗೆಹರಿಸಿಕೊಳ್ಳಿ. ಸಾಮಾನ್ಯ ಮೈಲಿ 1.609 ಕಿ.ಮೀ., ನಾವಿಕ ಮೈಲಿ 1.852 ಕಿ.ಮೀ. ವಿಮಾನ ನಡೆಸುವವರು ಬಳಸುವುದು ನಾವಿಕ ಮೈಲಿಯನ್ನು, ಏಕೆಂದರೆ ಅಕ್ಷಾಂಶದ ಒಂದು ಡಿಗ್ರಿಯಲ್ಲಿ ಸರಿಸುಮಾರು 60 ನಾವಿಕ ಮೈಲಿಗಳಿವೆ. ಮೇಲೆ ಹೇಳಿದ 5,000 ಮತ್ತು 4,345 ಎಂಬ ಎರಡು ಅಂಕಿಗಳ ವ್ಯತ್ಯಾಸ ಇಷ್ಟೇ.

3. ದೂರವನ್ನು ಅಳೆಯಿರಿ

ಅತಿ ಸುಲಭದ ದಾರಿ ಗೂಗಲ್ ಮ್ಯಾಪ್ಸ್. ಕಂಪ್ಯೂಟರಿನಲ್ಲಿ ಅದನ್ನು ತೆರೆದು ಕೆಂಪೇಗೌಡ ನಿಲ್ದಾಣದ ಮೇಲೆ ಮೌಸಿನ ಬಲಗುಂಡಿ ಒತ್ತಿ, ದೂರ ಅಳೆಯುವ ಆಯ್ಕೆಯನ್ನು ಆರಿಸಿ, ನಂತರ ಹೀಥ್ರೂವಿನ ಮೇಲೆ ಒತ್ತಿದರೆ ಅಂತರ ಕಾಣುತ್ತದೆ. ದಾರಿ ತೋರಿಸುವ ಗುಂಡಿಯನ್ನು ಒತ್ತಬೇಡಿ, ಅದು ರಸ್ತೆಯ ದೂರವನ್ನು ಹೇಳುತ್ತದೆ.

ಎರಡನೆಯದು ಭೂಗೋಳ ಮತ್ತು ದಾರ. 30 ಸೆಂಟಿಮೀಟರ್ ವ್ಯಾಸದ ಭೂಗೋಳದ ಮೇಲೆ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಸುಮಾರು 425 ಕಿ.ಮೀ. ಬೆಂಗಳೂರಿಗೂ ಲಂಡನ್ನಿಗೂ ದಾರವನ್ನು ಬಿಗಿಯಾಗಿ ಎಳೆದು ಹಿಡಿದು ಅಳೆದರೆ 19 ಸೆಂ.ಮೀ. ಬರುತ್ತದೆ, ಗುಣಿಸಿದರೆ 8,075. ಆಟದ ಸಾಮಾನಿನಿಂದ ಇಷ್ಟು ನಿಖರವಾದ ಉತ್ತರ ಬರುವುದು ನನಗೆ ಈಗಲೂ ಖುಷಿ ಕೊಡುತ್ತದೆ. ಗೋಡೆಗೆ ತೂಗುಹಾಕಿದ ನಕಾಶೆಯ ಮೇಲೆ ಮಾತ್ರ ಈ ಕೆಲಸ ಮಾಡಬೇಡಿ. ಗೋಳವನ್ನು ಹಾಳೆಯ ಮೇಲೆ ಹರಡುವಾಗ ಧ್ರುವಗಳ ಕಡೆಯ ಪ್ರದೇಶಗಳು ಹಿಗ್ಗಿರುತ್ತವೆ, ಆದ್ದರಿಂದ ಅಲ್ಲಿ ಅಳತೆಪಟ್ಟಿಯಿಟ್ಟು ಎಳೆದ ಗೆರೆ ಹತ್ತಿರದ ದಾರಿಯೂ ಆಗಿರುವುದಿಲ್ಲ, ಅದರ ಉದ್ದವೂ ಸರಿಯಿರುವುದಿಲ್ಲ. ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಡುವೆ ದಾರ ಎಳೆದು ನೋಡಿದರೆ ಇದು ಚೆನ್ನಾಗಿ ತಿಳಿಯುತ್ತದೆ. ನಕಾಶೆಯಲ್ಲಿ ಶಾಂತಸಾಗರದ ನಟ್ಟನಡುವೆ ಹೋಗಬೇಕೆನಿಸುವ ದಾರಿ ಗೋಳದ ಮೇಲೆ ಚೀನಾ ಮತ್ತು ಪೂರ್ವ ಸೈಬೀರಿಯಾದ ಮೇಲೆ ಸಾಗಿ 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರಿ ಇಳಿಯುತ್ತದೆ.

ಮೂರನೆಯದು ಹತ್ತನೆಯ ತರಗತಿಯ ತ್ರಿಕೋನಮಿತಿ ಮರೆತಿಲ್ಲದವರಿಗೆ. ಕೆಂಪೇಗೌಡ ನಿಲ್ದಾಣ ಇರುವುದು 13.20 ಡಿಗ್ರಿ ಉತ್ತರ ಅಕ್ಷಾಂಶ ಮತ್ತು 77.71 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಹೀಥ್ರೂ ಇರುವುದು 51.47 ಡಿಗ್ರಿ ಉತ್ತರ ಮತ್ತು 0.45 ಡಿಗ್ರಿ ಪಶ್ಚಿಮದಲ್ಲಿ. ಒಂದು ಪೂರ್ವ, ಇನ್ನೊಂದು ಪಶ್ಚಿಮ ಆದುದರಿಂದ ರೇಖಾಂಶಗಳನ್ನು ಕಳೆಯದೆ ಕೂಡಿಸಬೇಕು, ಆಗ ವ್ಯತ್ಯಾಸ 78.16 ಡಿಗ್ರಿ. ಎರಡು ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿದರೆ 0.2284 × 0.7823, ಅಂದರೆ 0.1786. ಎರಡು ಅಕ್ಷಾಂಶಗಳ ಕೊಸೈನ್‌ಗಳನ್ನೂ ರೇಖಾಂಶ ವ್ಯತ್ಯಾಸದ ಕೊಸೈನನ್ನೂ ಗುಣಿಸಿದರೆ 0.9736 × 0.6229 × 0.2052, ಅಂದರೆ 0.1244. ಇವೆರಡರ ಮೊತ್ತ 0.3030. ಯಾವ ಕೋನದ ಕೊಸೈನ್ ಇಷ್ಟು ಎಂದು ಕ್ಯಾಲ್ಕ್ಯುಲೇಟರನ್ನು ಕೇಳಿದರೆ 72.36 ಡಿಗ್ರಿ ಎನ್ನುತ್ತದೆ. ಒಂದು ಡಿಗ್ರಿಗೆ 111.2 ಕಿ.ಮೀ.ಯಂತೆ ಗುಣಿಸಿದರೆ ಸುಮಾರು 8,046 ಕಿ.ಮೀ. ಉತ್ತರ ಅಸಂಬದ್ಧವಾಗಿ ಬಂದರೆ ಕ್ಯಾಲ್ಕ್ಯುಲೇಟರ್ ಡಿಗ್ರಿಯ ಬದಲು ರೇಡಿಯನ್ ಎಂಬ ಬೇರೆ ಅಳತೆಯಲ್ಲಿದೆ ಎಂದು ತಿಳಿಯಿರಿ, ನೂರಕ್ಕೆ ತೊಂಬತ್ತು ಬಾರಿ ತಪ್ಪು ಅದೇ ಆಗಿರುತ್ತದೆ.

ದೆಹಲಿಗೆ ಇಷ್ಟೆಲ್ಲ ಬೇಕಿಲ್ಲ. ಬೆಂಗಳೂರು ಮತ್ತು ದೆಹಲಿ ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿ, ಅಂದರೆ ನೇರ ದಕ್ಷಿಣೋತ್ತರವಾಗಿವೆ. ಅಕ್ಷಾಂಶಗಳ ವ್ಯತ್ಯಾಸ ಸುಮಾರು 15.4 ಡಿಗ್ರಿ. ಅದನ್ನು 111.2ರಿಂದ ಗುಣಿಸಿದರೆ 1,710 ಕಿ.ಮೀ., ಕೆಲಸ ಮುಗಿಯಿತು.

4. ವಿಮಾನ ನಿಜವಾಗಿ ಹಿಡಿಯುವ ದಾರಿಯನ್ನು ಸೇರಿಸಿ

ಹೆಚ್ಚಿನ ಲೆಕ್ಕಗಳು ತಪ್ಪುವುದು ಈ ಹಂತವನ್ನು ಬಿಟ್ಟುಬಿಡುವುದರಿಂದ. ವಿಮಾನಗಳು ಮಹಾವೃತ್ತದ ಮೇಲೆ ಕೂದಲೆಳೆಯಷ್ಟೂ ಸರಿಯದೆ ಸಾಗುವುದಿಲ್ಲ. ಅವು ವಾಯುಸಂಚಾರ ನಿಯಂತ್ರಕರು ಒಪ್ಪಿದ ದಾರಿಯಲ್ಲಿ, ಗಾಳಿ ಮತ್ತು ಹವೆಯನ್ನು ನೋಡಿಕೊಂಡು, ಸೈನಿಕ ಬಳಕೆಗೆ ಮೀಸಲಾದ ಪ್ರದೇಶಗಳನ್ನು ಬಿಟ್ಟು ಸುತ್ತಿಕೊಂಡು ಹೋಗುತ್ತವೆ. ಸಾಮಾನ್ಯ ದಿನಗಳಲ್ಲಿ ಇದಕ್ಕಾಗಿ ಶೇಕಡಾ 5ರಷ್ಟು ಸೇರಿಸಿಕೊಂಡರೆ ಸಾಕು, ಆಗ 8,050 ಕಿ.ಮೀ. ಸುಮಾರು 8,450 ಆಗುತ್ತದೆ.

ಆದರೆ ಬೆಂಗಳೂರು–ಲಂಡನ್ ದಾರಿಗೆ ಬಹಳ ಕಾಲದಿಂದ ಸಾಮಾನ್ಯ ದಿನಗಳು ಸಿಕ್ಕಿಲ್ಲ. ದಾರವನ್ನು ಎಳೆದು ಹಿಡಿದೇ ನೋಡಿ. ಅದು ಬೆಂಗಳೂರಿನಿಂದ ವಾಯವ್ಯಕ್ಕೆ ಹೊರಟು, ಮಹಾರಾಷ್ಟ್ರ ಮತ್ತು ಗುಜರಾತಿನ ಕಡೆಯಿಂದ ಪಾಕಿಸ್ತಾನದ ಬಲೂಚಿಸ್ತಾನದ ಮೇಲೆ, ಅಲ್ಲಿಂದ ಇರಾನಿನ ಮೇಲೆ ಹಾದು, ಸರಿಯಾಗಿ ಅರ್ಧ ದಾರಿಯಲ್ಲಿ ಕಾಸ್ಪಿಯನ್ ಸಮುದ್ರದ ನೈಋತ್ಯ ದಂಡೆಗೆ ಬಂದು, ಕಪ್ಪು ಸಮುದ್ರದ ಉತ್ತರ ಭಾಗವನ್ನೂ ಉಕ್ರೇನನ್ನೂ ಮುಟ್ಟಿಕೊಂಡು ಯುರೋಪಿಗೆ ಇಳಿಯುತ್ತದೆ. ಉಕ್ರೇನಿನ ವಾಯುಪ್ರದೇಶ, ಅಂದರೆ ಆ ದೇಶದ ನೆಲದ ಮೇಲಿನ ಆಕಾಶ, 2022ರ ಫೆಬ್ರುವರಿ 24ರಂದು ನಾಗರಿಕ ವಿಮಾನಗಳಿಗೆ ಮುಚ್ಚಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ವಾಯುಪ್ರದೇಶವನ್ನು ಭಾರತೀಯ ಕಂಪನಿಗಳ ವಿಮಾನಗಳಿಗೆ ಮುಚ್ಚಿತು. 2019ರಲ್ಲಿಯೂ ಫೆಬ್ರುವರಿ ಕೊನೆಯಿಂದ ಜುಲೈ ಮಧ್ಯದವರೆಗೆ ಹೀಗೆಯೇ ಆಗಿತ್ತು. ಪಶ್ಚಿಮ ಏಷ್ಯಾದಲ್ಲಿ ಉದ್ವೇಗ ಹೆಚ್ಚಿದಾಗ ಇರಾನಿನ ಆಕಾಶವನ್ನೂ ವಿಮಾನಗಳು ಬಿಟ್ಟು ಹೋಗುತ್ತವೆ.

ಇದರ ಫಲವೇನೆಂದರೆ, ಒಂದೇ ದಿನ ಒಂದೇ ಊರಿಗೆ ಹೋಗುವ ಎರಡು ಕಂಪನಿಗಳ ವಿಮಾನಗಳಿಗೆ ಎರಡು ಬೇರೆ ದಾರಿಗಳಿರಬಹುದು, ಆದ್ದರಿಂದ ಎರಡು ಬೇರೆ ಅವಧಿಗಳೂ ಇರಬಹುದು. ಕಂಪನಿ ಯಾವ ದೇಶದ್ದು ಎಂಬುದು ನಿಮ್ಮ ಲೆಕ್ಕದಲ್ಲಿ ಬರಲೇಬೇಕು. ನಿಮ್ಮ ವಿಮಾನ ಬಳಸುದಾರಿ ಹಿಡಿಯುವುದಾದರೆ ಶೇಕಡಾ 5ರ ಬದಲು 10 ಹಿಡಿಯಿರಿ. ಯಾವ ದಾರಿ ಎಂಬುದನ್ನು ಊಹಿಸಬೇಕಾಗಿಲ್ಲ. ಫ್ಲೈಟ್‌ರಾಡಾರ್24ರಂತಹ ತಾಣಗಳಲ್ಲಿ ವಿಮಾನದ ಸಂಖ್ಯೆಯನ್ನು ಕೊಟ್ಟರೆ ಹಿಂದಿನ ಕೆಲವು ದಿನಗಳಲ್ಲಿ ಅದು ಹಾರಿದ ದಾರಿಯೂ ತೆಗೆದುಕೊಂಡ ಸಮಯವೂ ಕಾಣುತ್ತವೆ.

5. ವೇಗ ಮತ್ತು ಗಾಳಿಯಿಂದ ಅವಧಿಯನ್ನು ಪಡೆಯಿರಿ

ದೂರದ ಪ್ರಯಾಣಕ್ಕೆ ಬಳಸುವ ಬೋಯಿಂಗ್ 787, ಏರ್‌ಬಸ್ ಎ350 ಮೊದಲಾದ ದೊಡ್ಡ ವಿಮಾನಗಳು ಮ್ಯಾಕ್ 0.85ರ ಸುಮಾರಿಗೆ ಹಾರುತ್ತವೆ. ಮ್ಯಾಕ್ ಎಂದರೆ ಆ ಎತ್ತರದಲ್ಲಿ ಶಬ್ದದ ವೇಗಕ್ಕೆ ಹೋಲಿಸಿದ ವೇಗ. ಗಂಟೆಗೆ 900 ಕಿ.ಮೀ. ಎಂದು ಇಟ್ಟುಕೊಳ್ಳಿ. ದೇಶದೊಳಗೆ ಹಾರುವ ಏರ್‌ಬಸ್ ಎ320 ಮತ್ತು ಬೋಯಿಂಗ್ 737ಗಳಿಗೆ 830 ಸಾಕು. ಹುಬ್ಬಳ್ಳಿ, ಶಿವಮೊಗ್ಗಗಳಂತಹ ಊರುಗಳಿಗೆ ಹೋಗುವ, ರೆಕ್ಕೆಯ ಮೇಲೆ ಪಂಕಗಳು ತಿರುಗುವ ಎಟಿಆರ್ ವಿಮಾನಕ್ಕೆ 500.

ಇನ್ನು ಗಾಳಿ. ವಿಮಾನಗಳು ಹಾರುವ 10–12 ಕಿ.ಮೀ. ಎತ್ತರದಲ್ಲಿ, ಭಾರತದ ಉತ್ತರಕ್ಕಿರುವ ಅಕ್ಷಾಂಶಗಳಲ್ಲಿ, ಗಾಳಿ ಸಾಮಾನ್ಯವಾಗಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಈ ಗಾಳಿಯೊಳಗೆ ನದಿಯ ನಡುನೀರಿನಂತೆ ರಭಸವಾಗಿ ಹರಿಯುವ ಪಟ್ಟಿಗಳನ್ನು ಜೆಟ್ ಸ್ಟ್ರೀಮ್ ಎನ್ನುತ್ತಾರೆ. ಚಳಿಗಾಲದಲ್ಲಿ ಇವುಗಳ ಬಲ ಹೆಚ್ಚು. ಲಂಡನ್ನಿಗೆ ಹೋಗುವಾಗ ಇದು ಎದುರುಗಾಳಿ, ಬರುವಾಗ ಬೆನ್ನ ಹಿಂದಿನ ಗಾಳಿ. ಸರಾಸರಿಗೆ ಹೋಗುವಾಗ ಗಂಟೆಗೆ 50 ಕಿ.ಮೀ. ಕಳೆದು ಬರುವಾಗ ಅಷ್ಟನ್ನೇ ಕೂಡಿಸಿದರೆ ಅಂದಾಜು ಹೆಚ್ಚು ತಪ್ಪುವುದಿಲ್ಲ. ಭೂಮಿ ಪೂರ್ವಕ್ಕೆ ತಿರುಗುತ್ತಿರುವಾಗ ಪಶ್ಚಿಮಕ್ಕೆ ಹೊರಟ ವಿಮಾನ ಬೇಗ ತಲುಪಬೇಕಲ್ಲವೇ ಎಂದು ಹಲವರು ಕೇಳುತ್ತಾರೆ. ಭೂಮಿಯೊಂದಿಗೆ ವಾತಾವರಣವೂ ತಿರುಗುತ್ತದೆ, ವಿಮಾನ ಆ ವಾತಾವರಣದೊಳಗೇ ಇರುತ್ತದೆ. ಹಾಗಾಗಿ ಆ ಲಾಭ ಸಿಗುವುದಿಲ್ಲ.

ಕೊನೆಗೆ ಒಂದು ಸ್ಥಿರ ಮೊತ್ತ ಸೇರಿಸಿ. ರನ್‌ವೇವರೆಗೆ ಉರುಳುವುದು, ಏರುವುದು, ಇಳಿಯುವುದು, ಮತ್ತೆ ಗೇಟಿನವರೆಗೆ ಉರುಳುವುದು, ಇವೆಲ್ಲ ನಿಧಾನದ ಕೆಲಸಗಳಾದುದರಿಂದ ಒಟ್ಟಿಗೆ 35 ನಿಮಿಷ ಹಿಡಿಯಿರಿ. ಈಗ ಲೆಕ್ಕ ಹೀಗೆ: ಹೋಗುವಾಗ 8,450 ಕಿ.ಮೀ.ಯನ್ನು 850ರಿಂದ ಭಾಗಿಸಿ 35 ನಿಮಿಷ ಕೂಡಿಸಿದರೆ ಹತ್ತೂವರೆ ಗಂಟೆ. ಬಳಸುದಾರಿಯ ಶೇಕಡಾ 10 ಸೇರಿಸಿದರೆ ಹನ್ನೊಂದು ಗಂಟೆ. ಬರುವಾಗ 8,450ನ್ನು 950ರಿಂದ ಭಾಗಿಸಿದರೆ, 35 ನಿಮಿಷ ಸೇರಿ, ಸುಮಾರು ಒಂಬತ್ತೂವರೆ. ದೆಹಲಿಗೆ ಗಾಳಿ ಅಡ್ಡದಿಂದ ಬೀಸುವುದರಿಂದ ಅದನ್ನು ಬಿಡಬಹುದು. 1,710ಕ್ಕೆ ಶೇಕಡಾ 5 ಸೇರಿಸಿ, 830ರಿಂದ ಭಾಗಿಸಿ, 35 ನಿಮಿಷ ಕೂಡಿಸಿದರೆ ಎರಡೂ ಮುಕ್ಕಾಲು ಗಂಟೆ.

ವೇಳಾಪಟ್ಟಿಯಲ್ಲಿ ಇದಕ್ಕಿಂತ ಕಾಲು ಗಂಟೆಯೋ ಅರ್ಧ ಗಂಟೆಯೋ ಹೆಚ್ಚು ಕಂಡರೆ ನಿಮ್ಮ ಲೆಕ್ಕ ತಪ್ಪಿದೆ ಎಂದುಕೊಳ್ಳಬೇಡಿ. ಕಂಪನಿಗಳು ಅಚ್ಚುಮಾಡುವುದು ಬ್ಲಾಕ್ ಟೈಮ್ ಎಂಬ ಅವಧಿಯನ್ನು. ಹೊರಡುವ ಗೇಟಿನಲ್ಲಿ ವಿಮಾನ ಕದಲಿದ ಕ್ಷಣದಿಂದ ತಲುಪಿದ ಗೇಟಿನಲ್ಲಿ ನಿಂತ ಕ್ಷಣದವರೆಗಿನ ಸಮಯ ಅದು. ಹೀಥ್ರೂವಿನಂತಹ ದಟ್ಟಣೆಯ ನಿಲ್ದಾಣದಲ್ಲಿ ಇಳಿಯುವ ಸರದಿಗಾಗಿ ವಿಮಾನ ಆಕಾಶದಲ್ಲಿ ಸುತ್ತು ಹೊಡೆಯುತ್ತಾ ಕಾಯಬೇಕಾಗುವುದರಿಂದ ಕಂಪನಿಗಳು ಮೊದಲೇ ಸ್ವಲ್ಪ ಸಡಿಲ ಇಟ್ಟುಕೊಳ್ಳುತ್ತವೆ. ವಿಮಾನ ತಡವಾಗಿ ಹೊರಟರೂ ಕೆಲವೊಮ್ಮೆ ಹೊತ್ತಿಗೆ ಸರಿಯಾಗಿ ತಲುಪುವ ಗುಟ್ಟೂ ಇದೇ.

500 ಕಿ.ಮೀ. ಒಳಗಿನ ಹಾರಾಟಕ್ಕೆ ಈ ಸೂತ್ರ ಹೊಂದುವುದಿಲ್ಲ. ಬೆಂಗಳೂರಿನಿಂದ ಮಂಗಳೂರಿಗೆ ಆಕಾಶದ ಅಂತರ 305 ಕಿ.ಮೀ. ಮಾತ್ರ. ಏರಿ ಮುಗಿಯುವಷ್ಟರಲ್ಲಿ ಇಳಿಯಲು ತೊಡಗುವ ಇಂತಹ ಪ್ರಯಾಣಕ್ಕೆ ಕಣ್ಣುಮುಚ್ಚಿ ಒಂದು ಗಂಟೆಗೆ ತುಸು ಹೆಚ್ಚು ಎಂದು ಬರೆದುಕೊಳ್ಳಿ.

6. ಟಿಕೆಟ್ಟಿನ ಗಡಿಯಾರವನ್ನು ಸರಿಯಾಗಿ ಓದಿ

ಟಿಕೆಟ್ಟಿನಲ್ಲಿ ಹೊರಡುವ ವೇಳೆ ಹೊರಡುವ ಊರಿನದು, ತಲುಪುವ ವೇಳೆ ತಲುಪುವ ಊರಿನದು. ಲಂಡನ್ನಿನ ಗಡಿಯಾರ ಚಳಿಗಾಲದಲ್ಲಿ ನಮಗಿಂತ ಐದೂವರೆ ಗಂಟೆ ಹಿಂದೆ, ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ನಾಲ್ಕೂವರೆ ಗಂಟೆ ಹಿಂದೆ. ಜನವರಿಯಲ್ಲಿ ಬೆಳಿಗ್ಗೆ 7 ಗಂಟೆಗೆ ಬೆಂಗಳೂರು ಬಿಟ್ಟು ಮಧ್ಯಾಹ್ನ 12 ಗಂಟೆಗೆ ಲಂಡನ್ ತಲುಪುವ ವಿಮಾನ ಹಾರುವುದು ಐದು ಗಂಟೆಯಲ್ಲ. ಐದೂವರೆ ಕೂಡಿಸಿದರೆ ಹತ್ತೂವರೆ. ಮಧ್ಯಾಹ್ನ 2ಕ್ಕೆ ಲಂಡನ್ ಬಿಟ್ಟು ಮರುದಿನ ಬೆಳಗಿನ ಜಾವ 5.15ಕ್ಕೆ ಬೆಂಗಳೂರು ತಲುಪುವ ವಿಮಾನದ ಅವಧಿ ನೋಡಲು ಹದಿನೈದೂ ಕಾಲು ಗಂಟೆ, ಐದೂವರೆ ಕಳೆದರೆ ಒಂಬತ್ತೂ ಮುಕ್ಕಾಲು. ಪಶ್ಚಿಮಕ್ಕೆ ಹೋಗುವಾಗ ಕೂಡಿಸಿ, ಪೂರ್ವಕ್ಕೆ ಬರುವಾಗ ಕಳೆಯಿರಿ.

ತಲುಪುವ ವೇಳೆಯ ಪಕ್ಕದಲ್ಲಿ ಚಿಕ್ಕದಾಗಿ +1 ಅಥವಾ +2 ಎಂದಿದ್ದರೆ ಅದು ತಲುಪುವ ದಿನಾಂಕ ಎಷ್ಟು ದಿನ ಮುಂದಿದೆ ಎಂಬುದರ ಸೂಚನೆ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಮಾರ್ಗವಾಗಿ ನಡೆಸಿದ ಏರ್ ಇಂಡಿಯಾದ ಹಾರಾಟ ಇದಕ್ಕೆ ಒಳ್ಳೆಯ ಉದಾಹರಣೆ. ಆ ವಿಮಾನ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟು 11ರ ನಸುಕಿನಲ್ಲಿ ಬೆಂಗಳೂರಿಗೆ ಇಳಿಯಿತು. ಹಾರಿದ್ದು ಸುಮಾರು 17 ಗಂಟೆ, ಕ್ಯಾಲೆಂಡರಿನಲ್ಲಿ ದಾಟಿದ್ದು ಎರಡು ದಿನಾಂಕ. ಮಹಾವೃತ್ತ ಅಂತರ ಸುಮಾರು 13,990 ಕಿ.ಮೀ.; ಸರಿಯಾಗಿ ಧ್ರುವದ ನೆತ್ತಿಯ ಮೇಲೆ ಹೋದರೆ ಅದಕ್ಕಿಂತ 375 ಕಿ.ಮೀ.ಯಷ್ಟು ಹೆಚ್ಚು ಎಂದು ಮೂರನೆಯ ಹಂತದ ಲೆಕ್ಕವೇ ಹೇಳುತ್ತದೆ. ಶಾಂತಸಾಗರದ ಮೇಲಿನ ಎದುರುಗಾಳಿ ತಪ್ಪುವುದಾದರೆ ಇಷ್ಟು ಹೆಚ್ಚಿನ ದೂರ ಭಾರವಲ್ಲ. ಅಮೆರಿಕದ ಗಡಿಯಾರ ಬದಲಾಗುವುದು ಮಾರ್ಚ್ ಎರಡನೆಯ ಮತ್ತು ನವೆಂಬರ್ ಮೊದಲ ಭಾನುವಾರಗಳಂದು. ಈ ದಿನಾಂಕಗಳು ಬ್ರಿಟನ್ನಿನ ದಿನಾಂಕಗಳೊಂದಿಗೆ ಹೊಂದುವುದಿಲ್ಲ. ಆ ನಡುವಿನ ವಾರಗಳಲ್ಲಿ ಲಂಡನ್ ಮಾರ್ಗವಾಗಿ ಅಮೆರಿಕಕ್ಕೆ ಹೋಗುವವರು ಪ್ರತಿ ಹಂತದ ವ್ಯತ್ಯಾಸವನ್ನು ಬೇರೆಬೇರೆಯಾಗಿ ನೋಡಬೇಕು.

7. ನಡುವೆ ಇಳಿದು ಹೋಗುವುದಾದರೆ

ನಾನ್‌ಸ್ಟಾಪ್ ಎಂದರೆ ಎಲ್ಲಿಯೂ ಇಳಿಯದ ವಿಮಾನ. ಡೈರೆಕ್ಟ್ ಎಂದರೆ ಸಂಖ್ಯೆ ಒಂದೇ ಇದ್ದರೂ ನಡುವೆ ಒಂದು ಕಡೆ ಇಳಿದು ಏರಬಹುದಾದ ವಿಮಾನ. ಎರಡೂ ಒಂದೇ ಎಂದು ತಿಳಿದು ಟಿಕೆಟ್ ಕೊಳ್ಳುವವರು ಬಹಳ.

ದೂರದ ಲೆಕ್ಕ ಇಲ್ಲಿ ನಿಮ್ಮನ್ನು ಅಚ್ಚರಿಗೊಳಿಸಬಹುದು. ಬೆಂಗಳೂರಿನಿಂದ ದುಬೈಗೆ ಸುಮಾರು 2,695 ಕಿ.ಮೀ., ದುಬೈಯಿಂದ ಹೀಥ್ರೂವಿಗೆ ಸುಮಾರು 5,500 ಕಿ.ಮೀ., ಒಟ್ಟು 8,195. ನೇರ ದಾರಿಗಿಂತ ಹೆಚ್ಚಾದದ್ದು 150 ಕಿ.ಮೀ. ಮಾತ್ರ, ಅಂದರೆ ಹತ್ತು ನಿಮಿಷದ ಹಾರಾಟ. ಆದರೂ ಎರಡು ಬಾರಿ ಏರಿ ಎರಡು ಬಾರಿ ಇಳಿಯಬೇಕಾದುದರಿಂದ ಹಾರಾಟದ ಭಾಗವೇ ಹನ್ನೊಂದೂವರೆ ಗಂಟೆ ಸಮೀಪಿಸುತ್ತದೆ, ಅದರ ಮೇಲೆ ಲೇಓವರ್, ಅಂದರೆ ಮುಂದಿನ ವಿಮಾನಕ್ಕಾಗಿ ಕಾಯುವ ಸಮಯ. ಅಲ್ಲಿ ಎರಡು ಗಂಟೆ ಕಳೆಯುವಿರೋ ಒಂಬತ್ತು ಗಂಟೆಯೋ ಎಂಬುದೇ ಒಟ್ಟು ಅವಧಿಯನ್ನು ತೀರ್ಮಾನಿಸುತ್ತದೆ. ಆದ್ದರಿಂದ ನಡುವಿನ ಊರನ್ನು ಆರಿಸುವಾಗ ದೂರ ನೋಡಬೇಡಿ, ಕಾಯುವ ಸಮಯ ನೋಡಿ. ಎರಡು ಹಾರಾಟಗಳಿಗೆ ಬೇರೆಬೇರೆ ಟಿಕೆಟ್ ಕೊಂಡಿದ್ದರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಹೊಣೆ ಸಾಮಾನ್ಯವಾಗಿ ನಿಮ್ಮದೇ ಆಗುತ್ತದೆ, ಎರಡನ್ನೂ ಒಂದೇ ಟಿಕೆಟ್ಟಿನಲ್ಲಿ ಕೊಳ್ಳುವುದು ಕ್ಷೇಮ.

8. ಮನೆಬಾಗಿಲಿನಿಂದ ಮನೆಬಾಗಿಲಿಗೆ

ಊರಿನಿಂದ ಬರುವವರನ್ನು ಎದುರುಗೊಳ್ಳಲು ನಿಲ್ದಾಣಕ್ಕೆ ಹೋಗುವವರಿಗೆ ಬೇಕಾದುದು ಬ್ಲಾಕ್ ಟೈಮ್ ಕೂಡ ಅಲ್ಲ. ವಿಮಾನ ನಿಂತ ಮೇಲೆ ವಲಸೆ ತಪಾಸಣೆ, ಸಾಮಾನು, ಸುಂಕದ ಕಟ್ಟೆ ಇವೆಲ್ಲ ದಾಟಿ ಪ್ರಯಾಣಿಕರು ಹೊರಗೆ ಕಾಣಿಸಿಕೊಳ್ಳಲು ಒಂದು ಗಂಟೆ ಬಿಡಿ. ಹೋಗುವವರು ಅಂತರರಾಷ್ಟ್ರೀಯ ಹಾರಾಟಕ್ಕೆ ಮೂರು ಗಂಟೆ ಮೊದಲು ನಿಲ್ದಾಣದಲ್ಲಿರಬೇಕು. ಬೆಂಗಳೂರಿನಿಂದ ಹೊರಡುವ ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಎರಡನೆಯ ಟರ್ಮಿನಲ್‌ನಲ್ಲಿವೆ ಎಂಬುದನ್ನು ಟ್ಯಾಕ್ಸಿಯವರಿಗೆ ಮೊದಲೇ ಹೇಳಿ. ಜಯನಗರದಿಂದ ದೇವನಹಳ್ಳಿಗೆ ಸಂಜೆಯ ಹೊತ್ತು ಎರಡು ಗಂಟೆ ಹಿಡಿಯಿರಿ. ಹೀಥ್ರೂವಿನಿಂದ ಲಂಡನ್ ನಡುಭಾಗಕ್ಕೆ ಪಿಕಡಿಲಿ ಮಾರ್ಗದ ರೈಲಿನಲ್ಲಿ ಒಂದು ಗಂಟೆ ಇಟ್ಟುಕೊಳ್ಳಿ. ಎಲ್ಲ ಕೂಡಿಸಿದರೆ ಹತ್ತೂವರೆ ಗಂಟೆಯ ಹಾರಾಟ ಹದಿನೇಳೂವರೆ ಗಂಟೆಯ ಪ್ರಯಾಣವಾಗುತ್ತದೆ. ಇದೇ ಲೆಕ್ಕವನ್ನು ಮಂಗಳೂರಿಗೆ ಹಾಕಿ ನೋಡಿ. ಒಂದು ಗಂಟೆಯ ಹಾರಾಟಕ್ಕೆ ಮುಂಚಿನ ಮತ್ತು ಆಮೇಲಿನ ಹೊತ್ತು ಸೇರಿದರೆ ಆರು ಗಂಟೆಯ ಹತ್ತಿರ ಬರುತ್ತದೆ, ರಾತ್ರಿ ಬಸ್ಸು ಏಳೆಂಟು ಗಂಟೆಯಲ್ಲಿ ನಿಮ್ಮನ್ನು ಊರೊಳಗೇ ಇಳಿಸುತ್ತದೆ.